ಹೈವೇಯಲ್ಲಿ ತಂಪು, ಟ್ರಾಫಿಕ್‌ನಲ್ಲಿ ಬಿಸಿ: ರೇಡಿಯೇಟರ್ ಫ್ಯಾನ್ ನೋಡಿ

ಸೊಲ್ಲಾಪುರ ಹೈವೇಯಲ್ಲಿ ಸರಿ ಇರುವ ಗಾಡಿ, ವಿಜಯಪುರದ ಗಾಂಧಿ ಚೌಕದ ಟ್ರಾಫಿಕ್‌ನಲ್ಲಿ ಮಾತ್ರ ಹೀಟ್ ಆಗುತ್ತದೆ ಅಂದರೆ, ಬಹುಶಃ ರೇಡಿಯೇಟರ್ ಫ್ಯಾನ್ ತಿರುಗುತ್ತಿಲ್ಲ. ಓಡುವಾಗ ಎದುರುಗಾಳಿ ಸಾಕು, ನಿಂತಾಗ ಫ್ಯಾನೇ ಬೇಕು ಅಲ್ವಾ?

ಬಾನೆಟ್ ಎತ್ತಿ, ಎಂಜಿನ್ ಚಾಲೂ ಇಟ್ಟು ಎಸಿ ಹಾಕಿ. ಒಂದೆರಡು ನಿಮಿಷದಲ್ಲಿ ಫ್ಯಾನ್ ತಿರುಗಬೇಕು. ಕೈ ದೂರ ಇರಲಿ. ತಿರುಗದಿದ್ದರೆ ಎಂಜಿನ್ ಆರಿಸಿ ಮೊದಲು ಫ್ಯೂಸ್ ನೋಡಿ. ಅದು ಸರಿ ಇದ್ದರೆ ಫ್ಯಾನಿನ ರಿಲೇ (ಫ್ಯಾನ್‌ಗೆ ಕರೆಂಟ್ ಬಿಡುವ ಸ್ವಿಚ್) ತೆಗೆದು ಅದೇ ನಂಬರಿನ ಬೇರೆಯದನ್ನು ಹಾಕಿ ನೋಡಿ. ನನ್ನ ಗಾಡಿಯಲ್ಲಿ ರಿಲೇಯ ಒಂದು ಪಿನ್ ಕಪ್ಪಗೆ ಸುಟ್ಟಿತ್ತು. ಗ್ಯಾರೇಜಿನವರು ಸುಮ್ನೆ ವಾಟರ್ ಪಂಪ್ ಬದಲಿಸಲು ಹೊರಟಿದ್ದರು!

ಆಗಲೂ ತಿರುಗದಿದ್ದರೆ ಮೋಟರೋ ವೈರಿಂಗೋ, ನೋಡದೆ ಹೇಳಲಾಗದು. ಆಟೋ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಅಲ್ಲಿಯವರೆಗೆ ಊರೊಳಗೆ ಓಡಿಸಬೇಡಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳವನ್ನಂತೂ ಮುಟ್ಟಲೇಬೇಡಿ, ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತದೆ.