ಅರಿಶಿನದ ಹಾಲು ಮಂಡಿವರೆಗೂ ಹೋಗುತ್ತಾ?

ಪ್ರಶ್ನೆ: ನನಗೆ 58 ವರ್ಷ. ಕಬ್ಬು ಬೆಳೆಯುತ್ತೇನೆ. ಎರಡು ವರ್ಷದಿಂದ ಮಂಡಿ ನೋವು, ಊತ. ಸವೆತ ಅಂತ ಡಾಕ್ಟರು ಐಬುಪ್ರೊಫೆನ್ ಕೊಟ್ಟಿದ್ದಾರೆ, ನುಂಗಿದರೆ ಹೊಟ್ಟೆ ಉರಿ. ಅರಿಶಿನದ ಆಂಟಿಆಕ್ಸಿಡೆಂಟು ಊತ ತರುವ ಎಂಜೈಮನ್ನೇ ನಿಲ್ಲಿಸುತ್ತದಂತೆ, ಮಾತ್ರೆ ಬಿಟ್ಟು ಅರಿಶಿನದ ಹಾಲು ಕುಡಿ ಅಂತ ಮಗ ಮೊಬೈಲ್ ನೋಡಿ ಹೇಳುತ್ತಾನೆ. ನಿಜವೇ?
– ಒಬ್ಬ ರೈತ, ಮಂಡ್ಯ

ಉತ್ತರ: ಮಗ ಓದಿದ್ದು ಸುಳ್ಳಲ್ಲ. ಅರ್ಧಕ್ಕೇ ನಿಲ್ಲಿಸಿದ್ದಾನೆ, ಅಷ್ಟೇ.

ಆ ಎಂಜೈಮಿನ ಹೆಸರು ಕಾಕ್ಸ್. ಅದನ್ನು ನಿಮ್ಮ ಆಲೆಮನೆಯ ಗಾಣ ಅಂದುಕೊಳ್ಳಿ. ಈ ಕಡೆಯಿಂದ ಒಂದು ಕೊಬ್ಬಿನ ಆಮ್ಲ ಒಳಗೆ ಹೋಗುತ್ತದೆ, ಆ ಕಡೆಯಿಂದ ಪ್ರೊಸ್ಟಗ್ಲಾಂಡಿನ್ ಬರುತ್ತದೆ. ನೋವು, ಊತ, ಜ್ವರ ಎಲ್ಲದರಲ್ಲೂ ಅದರ ಕೈವಾಡ ಇದೆ. ಗಾಣ ಎರಡು. ಕಾಕ್ಸ್-1 ವರ್ಷವಿಡೀ ತಿರುಗುತ್ತದೆ, ಹೊಟ್ಟೆಯ ಒಳಪದರ ಕಾಯುವುದೂ ಅದೇ. ಕಾಕ್ಸ್-2 ಮುಖ್ಯವಾಗಿ ಪೆಟ್ಟು ಬಿದ್ದಾಗ, ಸೋಂಕಾದಾಗ, ಕೀಲು ಕೆಟ್ಟಾಗ ಹೊಸದಾಗಿ ಹೂಡುವ ಗಾಣ. ನಿಮ್ಮ ಮಾತ್ರೆ ಎರಡರ ಬಾಯಿಗೂ ಸಿಕ್ಕಿಕೊಳ್ಳುತ್ತದೆ. ನೋವೇನೋ ಇಳಿಯುತ್ತದೆ, ಜೊತೆಗೆ ಹೊಟ್ಟೆಯ ಕಾವಲೂ ಹೋಗುತ್ತದೆ, ಉರಿ ಬರುವುದು ಅದಕ್ಕೇ.

ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಸತ್ವ ಕರ್ಕ್ಯುಮಿನ್. ಅದರ ದಾರಿ ಬೇರೆ. ಅದು ಗಾಣ ನಿಲ್ಲಿಸುವುದಕ್ಕಿಂತ ಹೆಚ್ಚಾಗಿ ಹೊಸ ಗಾಣ ಹೂಡದ ಹಾಗೆ ನೋಡಿಕೊಳ್ಳುತ್ತದೆ. ಎನ್‌ಎಫ್-ಕಪ್ಪಾ-ಬಿ ಅಂತ ಒಂದು ಪ್ರೊಟೀನು ಇದೆ, ಅದು ಜೀವಕೋಶದ ನ್ಯೂಕ್ಲಿಯಸ್ ಒಳಗೆ ಹೋಗಿ ಕಾಕ್ಸ್-2 ತಯಾರಿಸಿ ಅಂತ ಅಪ್ಪಣೆ ಕೊಡುತ್ತದೆ, ಕರ್ಕ್ಯುಮಿನ್ ಅದನ್ನು ಬಾಗಿಲಲ್ಲೇ ತಡೆಯುತ್ತದೆ. ಇದರಲ್ಲಿ ಆಂಟಿಆಕ್ಸಿಡೆಂಟ್ ಗುಣದ, ಅಂದರೆ ಜೀವಕೋಶ ಕೆಡಿಸುವ ಚುರುಕು ಕಣಗಳನ್ನು ತಣ್ಣಗಾಗಿಸುವ ಗುಣದ, ಪಾಲು ಸ್ವಲ್ಪ ಇರಬಹುದು, ಆದರೆ ಆ ಪದಕ್ಕೆ ಈಗ ಸಿಗುತ್ತಿರುವ ಮರ್ಯಾದೆ ಜಾಸ್ತಿಯಾಯಿತು.

ತೊಂದರೆ ಇರುವುದು ಇಲ್ಲಿ. ಇದೆಲ್ಲ ಹೆಚ್ಚಾಗಿ ಲ್ಯಾಬಿನ ತಟ್ಟೆಯಲ್ಲಿ, ಜೀವಕೋಶದ ಮೇಲೆ ನೇರವಾಗಿ ಕರ್ಕ್ಯುಮಿನ್ ಸುರಿದು ನೋಡಿದ್ದು. ನಿಮ್ಮ ಮಂಡಿ ತಟ್ಟೆಯಲ್ಲಿಲ್ಲ, ಅಲ್ವಾ? ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದೇ ಶೇಕಡಾ 3ರ ಆಸುಪಾಸು. ಒಂದು ಚಮಚಕ್ಕೆ 100 ಮಿಲಿಗ್ರಾಂ ಸಿಕ್ಕರೆ ಹೆಚ್ಚು. ಅದು ನೀರಿನಲ್ಲಿ ಕರಗುವುದಿಲ್ಲ, ಒಳಗೆ ಹೋದ ಚೂರುಪಾರನ್ನೂ ಕರುಳು, ಲಿವರ್ ಸೇರಿ ಬೇಗ ಹೊರಗೆ ಹಾಕುತ್ತವೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು ಇದನ್ನು ಪರೀಕ್ಷೆ ಮಾಡಿದರು. ಬರೀ 2 ಗ್ರಾಂ ಕರ್ಕ್ಯುಮಿನ್ ನುಂಗಿದವರ ರಕ್ತದಲ್ಲಿ ಅದು ಸಿಕ್ಕಿದ್ದೇ ಅಪರೂಪ. 20 ಮಿಲಿಗ್ರಾಂ ಪೈಪರೀನ್, ಅಂದರೆ ಕರಿಮೆಣಸಿನ ಖಾರದ ಸತ್ವ, ಸೇರಿಸಿದಾಗ ಸುಮಾರು 20 ಪಟ್ಟು ಏರಿತು. ಕೇಳಲು ಚೆನ್ನಾಗಿದೆ, ಆದರೆ ಸಾಸಿವೆಯ 20 ಪಟ್ಟು ಅಂದರೂ ಒಂದು ಚಿಟಿಕೆ ಸಾಸಿವೆಯೇ. ಮೇಲಾಗಿ ಪೈಪರೀನ್ ಲಿವರಿನ ಕೆಲಸ ನಿಧಾನ ಮಾಡುವುದರಿಂದ ನೀವು ನುಂಗುವ ಬೇರೆ ಮಾತ್ರೆಗಳೂ ಮೈಯಲ್ಲಿ ಹೆಚ್ಚು ಹೊತ್ತು ಉಳಿಯಬಹುದು.

ಹಾಗಂತ ಎಲ್ಲ ಬರೀ ಬಡಾಯಿ ಅಂತಲೂ ಅಲ್ಲ. ಥಾಯ್ಲೆಂಡಿನಲ್ಲಿ ಮಂಡಿ ಸವೆತದ 367 ಜನರಿಗೆ ನಾಲ್ಕು ವಾರ ಕೊಟ್ಟು ನೋಡಿದ್ದಾರೆ, 2014ರಲ್ಲಿ ಪ್ರಕಟವಾಗಿದೆ. ದಿನಕ್ಕೆ 1500 ಮಿಲಿಗ್ರಾಂ ಅರಿಶಿನದ ಸಾರ ತೆಗೆದುಕೊಂಡವರಿಗೆ ಐಬುಪ್ರೊಫೆನ್‌ನಷ್ಟೇ ಆರಾಮ, ಹೊಟ್ಟೆಯ ತಕರಾರು ಕಡಿಮೆ. ಆದರೆ ಅದು ಸಾರದ ಕ್ಯಾಪ್ಸೂಲು, ಹಾಲಲ್ಲ. ನಾಲ್ಕೇ ವಾರ ಬೇರೆ.

ನೀವು ಮೊದಲು ಹೊಟ್ಟೆ ಉರಿಯ ವಿಷಯ ಡಾಕ್ಟರಿಗೆ ಹೇಳಿ, ಮಾತ್ರೆ ಬದಲಾಯಿಸಬಹುದು. ಸುಮ್ನೆ ಬಿಟ್ಟುಬಿಡಬೇಡಿ. ರಕ್ತ ತೆಳು ಮಾಡುವ ಔಷಧಿ ತೆಗೆದುಕೊಳ್ಳುತ್ತಿದ್ದರೆ, ಪಿತ್ತಕೋಶದಲ್ಲಿ ಕಲ್ಲಿದ್ದರೆ, ಕೇಳದೆ ಕ್ಯಾಪ್ಸೂಲು ಮುಟ್ಟಬೇಡಿ. ಹಾಲು ಕುಡಿಯಿರಿ, ರುಚಿಗೆ.

ಪ್ರಶ್ನೆ: ಕುಕ್ಕರಿನಲ್ಲಿ ಬೇಳೆ ಜೊತೆ ಅರಿಶಿನ ಹಾಕಿ ಕೂಗಿಸಿದರೆ ಅದರ ಗುಣ ಹೋಗುತ್ತದೆಯೇ?
– ಗೃಹಿಣಿ, ಮೈಸೂರು

ಉತ್ತರ: ಸ್ವಲ್ಪ ಹೋಗುತ್ತದೆ. ಇದನ್ನು ಅಳೆದವರು ನಿಮ್ಮೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರೇ, 2007ರಲ್ಲಿ. ಬೇಯಿಸಿದಾಗ ಶೇಕಡಾ 27ರಿಂದ 53ರಷ್ಟು ಕರ್ಕ್ಯುಮಿನ್ ಹಾಳಾಯಿತು, ಹತ್ತು ನಿಮಿಷ ಕುಕ್ಕರಿನಲ್ಲಿ ಇಟ್ಟಾಗ ಎಲ್ಲಕ್ಕಿಂತ ಜಾಸ್ತಿ. ಹುಣಸೆಹಣ್ಣು ಜೊತೆಗಿದ್ದಾಗ ನಷ್ಟ ಶೇಕಡಾ 12–30ರಷ್ಟಕ್ಕೆ ಇಳಿಯಿತು. ಹುಳಿ, ಸಾರು ಮಾಡುವ ಮನೆಯಲ್ಲಿ ಅಷ್ಟು ಚಿಂತೆ ಬೇಡ. ಬೇಕಾದರೆ ಕೊನೆಗೆ ಹುಣಸೆ ರಸದ ಜೊತೆ ಹಾಕಿ ಕುದಿಸಿ. ನಾನಂತೂ ಬೇಳೆ ಜೊತೆಗೇ ಹಾಕುತ್ತೇನೆ, ಬಣ್ಣ ಚೆನ್ನಾಗಿ ಬರುತ್ತೆ.