ಗೊದಮೊಟ್ಟೆಯ ಬಾಯಿ ನೋಡಿ ಯಾವ ಮರಗಪ್ಪೆ ಯಾವುದಕ್ಕೆ ನೆಂಟ ಅಂತ ಹೇಳಬಹುದಾ?

ಸ್ವಲ್ಪ ಮಟ್ಟಿಗೆ ಹೇಳಬಹುದು. ಆದರೆ ಬಾಯಿಯೊಂದನ್ನೇ ನಂಬಿದರೆ ಎಡವುತ್ತೀರಿ.

ಗೊದಮೊಟ್ಟೆಗೆ ಸಾಮಾನ್ಯವಾಗಿ ಗಿಳಿ ಕೊಕ್ಕಿನಂಥ ಕಪ್ಪು ದವಡೆ ಇರುತ್ತದೆ. ಅದರ ಮೇಲೆ, ಕೆಳಗೆ ಸಣ್ಣ ಹಲ್ಲಿನ ಸಾಲುಗಳು. ಹಲ್ಲು ಅಂದರೆ ನಮ್ಮ ಥರದ್ದಲ್ಲ, ಉಗುರಿನಲ್ಲಿರುವ ಕೆರಾಟಿನ್‌ನಿಂದಲೇ ಆದದ್ದು. ಕಲ್ಲಿನ ಪಾಚಿ ಕೆರೆಯಲು. ಸಾಲುಗಳ ಲೆಕ್ಕ ಜಾತಿಯಿಂದ ಜಾತಿಗೆ ಬೇರೆಯಾಗುವುದರಿಂದ ಗುರುತು ಹಿಡಿಯಲು ಅನುಕೂಲ.

ತೊಡಕು ಏನಂದರೆ, ಬಾಯಿ ರೂಪುಗೊಳ್ಳುವುದು ವಾಸದ ನೀರಿಗೆ ತಕ್ಕಂತೆ. ಜೋರಾಗಿ ಹರಿಯುವ ಹಳ್ಳದಲ್ಲಿ ಕಲ್ಲಿಗೆ ಅಂಟಿಕೊಳ್ಳಬೇಕಲ್ವಾ? ಅಲ್ಲಿ ದೊಡ್ಡ ಬಾಯಿ, ಜಾಸ್ತಿ ಸಾಲು. ದೂರದ ನೆಂಟಸ್ತಿಕೆಯ ಕಪ್ಪೆಗಳಲ್ಲೂ ಹೀಗೆ ಒಂದೇ ಥರದ ಬಾಯಿ ಮೂಡಿದೆ.

ಉಲ್ಟಾ ಕೂಡ ಉಂಟು. ನಮ್ಮ ಮೂಡಿಗೆರೆ, ಸಕಲೇಶಪುರದ ಕಡೆಯೇ ನೋಡಿ. ಮಲಬಾರ್ ಹಾರುವ ಕಪ್ಪೆ ನೀರಿನ ಮೇಲೆ ಚಾಚಿದ ಎಲೆಗಳಲ್ಲಿ ನೊರೆಗೂಡು ಕಟ್ಟುತ್ತದೆ, ಗೊದಮೊಟ್ಟೆಗಳು ಕೆಳಗೆ ಉದುರುತ್ತವೆ. ಮಳೆಗಾಲದ ರಾತ್ರಿ ಕಾಫಿ ಗಿಡದಲ್ಲಿ ಟಿಕ್ ಟಿಕ್ ಅನ್ನುವ ಪುಟ್ಟ ಪೊದೆಗಪ್ಪೆಗಳಿಗೆ ಈಜುವ ಗೊದಮೊಟ್ಟೆಯೇ ಇಲ್ಲ, ಮೊಟ್ಟೆಯೊಡೆದು ನೇರವಾಗಿ ಕಪ್ಪೆಮರಿ! ಆದರೂ ಎರಡೂ ಒಂದೇ ಕುಟುಂಬ. ಅದಕ್ಕೇ ಈಗ ಮೊದಲು ಡಿಎನ್‌ಎ ಹೋಲಿಸುತ್ತಾರೆ, ಬಾಯಿ ನೋಡುವುದು ಆಮೇಲೆ.