ಮಿಠಾಯಿ ಕಾರ್ಖಾನೆಯ ನೌಕರಿ: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಪ್ರಶ್ನೆ: ಡಿಪ್ಲೊಮಾ ಮುಗಿಸಿದ ಮಗನಿಗೆ ದೊಡ್ಡ ಚಾಕಲೇಟ್ ಕಂಪನಿಯಲ್ಲಿ ಲೈನ್ ಆಪರೇಟರ್ ಕೆಲಸ ಸಿಕ್ಕಿದೆ. ಮನೆಯಲ್ಲೆಲ್ಲ ‘ಇನ್ನು ದಿನಾ ಚಾಕಲೇಟೇ’ ಎಂದು ತಮಾಷೆ. ನಿಜವಾಗಿ ಅಲ್ಲಿನ ಕೆಲಸ ಹೇಗಿರುತ್ತದೆ? – ಸುಳ್ಯ

ಉತ್ತರ: ಮೊದಲು ತಮಾಷೆಯ ವಿಷಯ ಮುಗಿಸೋಣ. ಲೈನಿನಲ್ಲಿ ನಿಂತು ಒಂದು ತುಂಡು ಬಾಯಿಗೆ ಹಾಕಿಕೊಂಡರೂ ಮೆಮೊ ಖಂಡಿತ. ರುಚಿ ನೋಡುವವರು ಕ್ವಾಲಿಟಿ ವಿಭಾಗದವರು, ಅದೂ ಬೇರೆ ಕೋಣೆಯಲ್ಲಿ. ಆ ವಾಸನೆ ಮೂಗಿಗೆ ಒಗ್ಗಿಹೋದ ಮೇಲೆ ಆಸೆಯೂ ತಾನಾಗಿ ಇಳಿಯುತ್ತದೆ.

ಮೂರು ಶಿಫ್ಟ್, ವಾರವಾರ ಅಥವಾ ಹದಿನೈದು ದಿನಕ್ಕೊಮ್ಮೆ ಬದಲು. ಒಳಗೆ ಹೋಗುವ ಮುನ್ನ ಉಂಗುರ, ವಾಚು, ಬಳೆ, ಕೈಗೆ ಕಟ್ಟಿದ ದೇವರ ದಾರ ಎಲ್ಲವೂ ಲಾಕರಿಗೆ. ತಲೆಗೆ ಬಲೆ ಟೋಪಿ, ಗಡ್ಡಕ್ಕೂ ಒಂದು ಮುಚ್ಚಳ. ಕೋಟಿಗೆ ಗುಂಡಿ, ಮೇಲ್ಜೇಬು ಇರುವುದಿಲ್ಲ. ಬಗ್ಗಿದಾಗ ಗುಂಡಿಯೋ ಪೆನ್ನೋ ಮಾಲಿನೊಳಗೆ ಬೀಳಬಾರದು. ಗಾಯಕ್ಕೆ ಕಟ್ಟುವ ಪಟ್ಟಿ ನೀಲಿ ಬಣ್ಣದ್ದು. ಕಂದು ಚಾಕಲೇಟಿನಲ್ಲಿ ಬಿದ್ದರೆ ಕಣ್ಣಿಗೆ ಕಾಣಲಿ ಎಂದು ನೀಲಿ, ಮೆಟಲ್ ಡಿಟೆಕ್ಟರಿಗೂ ಸಿಗಲಿ ಎಂದು ಅದರೊಳಗೊಂದು ತೆಳು ಲೋಹದ ಎಳೆ.

ಮೆಷಿನ್ ಚೆನ್ನಾಗಿ ಓಡುತ್ತಿದ್ದರೆ ಆಪರೇಟರಿಗೆ ಇರುವುದು ಬರೆಯುವ ಕೆಲಸ: ಉಷ್ಣತೆ, ತೂಕ, ಸೀಲ್, ತಾರೀಖಿನ ಮುದ್ರೆ. ಸಾಮಾನ್ಯವಾಗಿ ಗಂಟೆಗೊಮ್ಮೆ ಕಬ್ಬಿಣ, ಹಿತ್ತಾಳೆಯಂಥ ಲೋಹ, ಸ್ಟೇನ್‌ಲೆಸ್ ಸ್ಟೀಲ್, ಈ ಮೂರರ ಟೆಸ್ಟ್ ತುಂಡುಗಳನ್ನು ಮೆಟಲ್ ಡಿಟೆಕ್ಟರಿನಲ್ಲಿ ಹಾಯಿಸಬೇಕು. ಒಂದನ್ನು ಅದು ಹಿಡಿಯದೆ ಬಿಟ್ಟರೂ ಹಿಂದಿನ ಸರಿಯಾದ ಪರೀಕ್ಷೆಯಿಂದ ಆವರೆಗೆ ಹೋದ ಅಷ್ಟೂ ಮಾಲು ‘ಹೋಲ್ಡ್’, ಅಂದರೆ ತಡೆಹಿಡಿದಿಟ್ಟು ಎಲ್ಲವನ್ನೂ ಮತ್ತೆ ಹಾಯಿಸಬೇಕು. ಈ ಪರೀಕ್ಷೆ ಮಾಡದೆ ರಿಜಿಸ್ಟರಿನಲ್ಲಿ ಟಿಕ್ ಹಾಕುವುದು ಹೊಸಬರು ಬೇಗ ಕಲಿಯುವ ಕೆಟ್ಟ ಚಾಳಿ; ಮಗನಿಗೆ ಈಗಲೇ ಹೇಳಿಡಿ.

ಅಪಾಯ ಇರುವುದು ರ‍್ಯಾಪಿಂಗ್ ಮೆಷಿನ್ನಿನಲ್ಲಿ. ಸಿಕ್ಕಿಕೊಂಡ ಕಾಗದ ಎಳೆಯಲು ಓಡುವ ಮೆಷಿನ್ನಿಗೇ ಕೈ ಹಾಕಿದರೆ ಸೀಲ್ ಮಾಡುವ ಬಿಸಿ ದವಡೆ ಬೆರಳನ್ನು ಬಿಡುವುದಿಲ್ಲ. ಸ್ವಿಚ್ ಆರಿಸಿ, ಬೀಗ ಹಾಕಿ, ಕೀಲಿ ತನ್ನ ಜೇಬಿನಲ್ಲಿಟ್ಟುಕೊಂಡ ಮೇಲೆಯೇ ಮೆಷಿನ್ನಿನ ಗಾರ್ಡ್ (ರಕ್ಷಣೆಯ ಮುಚ್ಚಳ) ತೆಗೆಯಬೇಕು. ‘ಒಂದೇ ನಿಮಿಷದ ಕೆಲಸ’ ಎಂದು ಸೂಪರ್‌ವೈಸರ್ ಅವಸರ ಮಾಡಿದರೂ ಅಷ್ಟೇ.

ಪ್ರಶ್ನೆ: ಗಟ್ಟಿ ಪೆಪ್ಪರಮಿಂಟಿನ ಲೈನಿನಲ್ಲಿ ಕೆಲಸ. ಮಳೆಗಾಲ ಬಂತೆಂದರೆ ಮಾಲು ಅಂಟಂಟು, ರ‍್ಯಾಪರ್ ಬಿಡಿಸಿದರೆ ಅರ್ಧ ಕಾಗದ ಅದರಲ್ಲೇ ಉಳಿಯುತ್ತದೆ. ಎಸಿ ಸರಿಯಿಲ್ಲ ಎಂದು ನಾವು, ಕುಕ್ಕಿಂಗ್ ಸರಿಯಿಲ್ಲ ಎಂದು ಮೆಂಟೆನೆನ್ಸಿನವರು. ಯಾರು ಸರಿ? – ಶಿವಮೊಗ್ಗ

ಉತ್ತರ: ಇಬ್ಬರೂ ಸರಿಯಿರಬಹುದು. ಒಂದೊಂದಾಗಿ ನೋಡುತ್ತ ಬನ್ನಿ.

ಮೊದಲು ಕುಕ್ಕರ್. ಸಕ್ಕರೆ, ಲಿಕ್ವಿಡ್ ಗ್ಲುಕೋಸ್ ಸೇರಿದ ಪಾಕ ಇಳಿಯುವಾಗ ಅದರಲ್ಲಿ ನೀರು ಶೇ. 2ರಿಂದ 3ರಷ್ಟೇ ಉಳಿದಿರಬೇಕು. ವ್ಯಾಕ್ಯೂಮ್ ಇಲ್ಲದೆ ಅಲ್ಲಿಗೆ ಮುಟ್ಟಲು 145–150 ಡಿಗ್ರಿ ಬೇಕು. ವ್ಯಾಕ್ಯೂಮ್ ಇದ್ದರೆ ಅದಕ್ಕಿಂತ ಕಡಿಮೆ ಸಾಕು, ಆದರೆ ಪಂಪ್ ಸೋರುತ್ತಿದ್ದರೆ ಮೀಟರಿನಲ್ಲಿ ಡಿಗ್ರಿ ಸರಿಯಿದ್ದೂ ಪಾಕದಲ್ಲಿ ನೀರು ಉಳಿಯುತ್ತದೆ. ಡಿಗ್ರಿ ಒಂದನ್ನೇ ನೋಡುವವರು ತಪ್ಪುವುದು ಇಲ್ಲಿ.

ಎರಡನೆಯದು ಹುಳಿ. ಸಿಟ್ರಿಕ್ ಆಸಿಡ್ಡನ್ನು ಕುದಿಯುವ ಪಾಕಕ್ಕೆ ಹಾಕಿದರೆ ಸಕ್ಕರೆ ಒಡೆದು ಇನ್ವರ್ಟ್ ಸಕ್ಕರೆಯಾಗುತ್ತದೆ. ಅದು ಗಾಳಿಯ ನೀರನ್ನು ಹೀರುವುದರಲ್ಲಿ ನಿಸ್ಸೀಮ. ಪಾಕ ತುಸು ತಣಿದು, ಇನ್ನೂ ಮೆತ್ತಗಿರುವಾಗಲೇ ಹುಳಿ ಬೆರೆಸಬೇಕು. ಮುರಿದ ಮಾಲನ್ನು ಕರಗಿಸಿ ವಾಪಸ್ ಹಾಕುತ್ತಿದ್ದೀರಾ? ಆ ರೀವರ್ಕ್‌ನಲ್ಲಿ ಹಳೆಯ ಹುಳಿ ಇದ್ದೇ ಇರುತ್ತದೆ. ಸೋಡಾ ಹಾಕಿ ಹುಳಿ ಮುರಿಯದೆ ಕುದಿಸಿದರೆ ಒಂದು ಬ್ಯಾಚಿನ ರೋಗ ಮುಂದಿನ ಬ್ಯಾಚಿಗೂ ದಾಟುತ್ತದೆ. ನಮ್ಮ ಅನುಮಾನ ಮೊದಲು ಹೋಗುವುದು ಇದರ ಮೇಲೇ.

ಇನ್ನು ಎಸಿ. ಪ್ಯಾಕಿಂಗ್ ಕೋಣೆಯ ಗಾಳಿಯ ತೇವ ಶೇ. 45ರ ಆಸುಪಾಸು ಇರಬೇಕು. ಅದಕ್ಕೆ ಬರಿಯ ಎಸಿ ಸಾಲದು, ತೇವ ಹೀರುವ ಡಿಹ್ಯುಮಿಡಿಫೈಯರ್ ಬೇಕು. ಕೂಲಿಂಗ್ ಟನೆಲ್ಲಿನಲ್ಲಿ ಮಾಲನ್ನು ಅತಿಯಾಗಿ ತಣಿಸಿದರೂ ಕೆಟ್ಟಿತು: ಹೊರಬಂದ ಕೂಡಲೇ, ಫ್ರಿಜ್ಜಿನಿಂದ ತೆಗೆದ ಬಾಟಲಿ ಬೆವರುವಂತೆ, ಪೆಪ್ಪರಮಿಂಟೂ ಬೆವರುತ್ತದೆ. ಕೋಣೆಯ ಗಾಳಿಗಿಂತ ತುಸು ಬೆಚ್ಚಗಿರುವಾಗಲೇ ಹೊರಬರಲಿ.

ಜಗಳ ಬಗೆಹರಿಸಲು ಹೀಗೆ ಮಾಡಿ. ಕೂಲಿಂಗ್ ಮುಗಿದ ತಕ್ಷಣ ಹತ್ತು ತುಂಡು ಬಿಗಿಮುಚ್ಚಳದ ಡಬ್ಬಿಗೆ, ಹತ್ತು ತುಂಡು ಪ್ಯಾಕಿಂಗ್ ಕೋಣೆಯ ಟ್ರೇಗೆ. ಮಾರನೆಯ ದಿನ ಟ್ರೇಯದು ಮಾತ್ರ ಅಂಟಿದ್ದರೆ ಮೊದಲು ಕೋಣೆಯ ಗಾಳಿ ಸರಿಮಾಡಿಸಿ. ಡಬ್ಬಿಯದೂ ಅಂಟಿದ್ದರೆ ಕುಕ್ಕರ್, ಹುಳಿ, ರೀವರ್ಕ್ ನೋಡಿ.

ಪ್ರಶ್ನೆ: ಚಾಕಲೇಟ್ ವಿಭಾಗದಲ್ಲಿ ನೀರು ಹಾಕಿ ತೊಳೆಯಲು ಬಿಡುವುದಿಲ್ಲವಂತೆ. ಗಲೀಜಾಗುವುದಿಲ್ಲವೇ? – ಪುತ್ತೂರು

ಉತ್ತರ: ತೊಳೆದರೇ ಗಲೀಜು. ಚಾಕಲೇಟಿನಲ್ಲಿ ನೀರು ತೀರಾ ಕಡಿಮೆ, ಹಾಗಾಗಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಎಂಬ ರೋಗಾಣು ಅದರಲ್ಲಿ ಬೆಳೆಯುವುದಿಲ್ಲ. ಆದರೆ ಸಾಯುವುದೂ ಇಲ್ಲ, ತಿಂಗಳುಗಟ್ಟಲೆ ಬದುಕಿರುತ್ತದೆ. ಅದನ್ನು ಕೊಲ್ಲುವ ಮುಖ್ಯ ಹಂತ ಕೋಕೋ ಬೀಜ ಹುರಿಯುವುದು, ಆಮೇಲಿನದೆಲ್ಲ ಅಷ್ಟು ಬಿಸಿಯಲ್ಲ. ಹುರಿದ ನಂತರ ಎಲ್ಲಾದರೂ ನೀರು ನಿಂತರೆ ಅದೇ ರೋಗಾಣುವಿನ ತವರು. 2006ರಲ್ಲಿ ಇಂಗ್ಲೆಂಡಿನ ಮಾರ್ಲ್‌ಬ್ರೂಕ್‌ನಲ್ಲಿರುವ ಕ್ಯಾಡ್‌ಬರಿ ಕಾರ್ಖಾನೆಯಲ್ಲಿ ಸೋರಿದ ಒಂದು ಪೈಪಿನಿಂದ ಹತ್ತು ಲಕ್ಷಕ್ಕೂ ಹೆಚ್ಚು ಚಾಕಲೇಟುಗಳನ್ನು ಮಾರುಕಟ್ಟೆಯಿಂದ ವಾಪಸ್ ಪಡೆಯಬೇಕಾಯಿತು. ಮರುವರ್ಷ ನ್ಯಾಯಾಲಯ ಹತ್ತು ಲಕ್ಷ ಪೌಂಡ್ ದಂಡ ಹಾಕಿತು.

ಹಾಗಾಗಿ ಇಲ್ಲಿ ಕೆರೆಯುವುದು, ಗುಡಿಸುವುದು, ವ್ಯಾಕ್ಯೂಮ್ ಕ್ಲೀನರ್ ಹಿಡಿಯುವುದು. ಕಡಲೆಬೀಜದ ಮಾಲಿನಿಂದ ಸಾದಾ ಮಾಲಿಗೆ ಬದಲಿಸುವಾಗ ಪೈಪುಗಳಿಗೆ ಬಿಸಿ ಕೋಕೋ ಬೆಣ್ಣೆಯನ್ನೋ ಸಾದಾ ಚಾಕಲೇಟನ್ನೋ ಹಾಯಿಸಿ ಹಳೆಯದನ್ನು ತಳ್ಳುತ್ತಾರೆ. ಇನ್ನೊಂದು ಕಾರಣವೂ ಉಂಟು: ಕರಗಿದ ಚಾಕಲೇಟಿಗೆ ಒಂದೆರಡು ಚಮಚ ನೀರು ಬಿದ್ದರೂ ಅದು ಮುದ್ದೆಗಟ್ಟಿ ಪಂಪ್ ನಿಲ್ಲುತ್ತದೆ.

ನಿಮ್ಮೂರಿನ ಕೆಮ್ಮಿಂಜೆಯಲ್ಲಿ ಅಡಿಕೆ, ಕೋಕೋ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ 1986ರಲ್ಲಿ ಆರಂಭಿಸಿದ ಕಾರ್ಖಾನೆಯ ಹಾಗೆ ಕೋಕೋ ಬೀಜದಿಂದಲೇ ಶುರುಮಾಡುವ ಕಡೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಅಡಿಕೆ ತೋಟದ ನಡುವೆ ಬೆಳೆದು ಬರುವ ಹಸಿ ಕೋಕೋ ಬೀಜ ಮಣ್ಣು, ಹುಳಿತ ಎಲ್ಲವನ್ನೂ ಕಂಡಿರುತ್ತದೆ. ಅದಕ್ಕೇ ಹಸಿ ಬೀಜದ ಕಡೆಯವರು ಹುರಿದ ಕಡೆಗೆ ಅದೇ ಬೂಟಿನಲ್ಲಿ ಬರುವಂತಿಲ್ಲ.

ಪ್ರಶ್ನೆ: ಅಂಗಡಿಗೆ ಬಂದ ಚಾಕಲೇಟಿನ ಮೇಲೆ ಬಿಳಿ ಪುಡಿ. ಬೂಷ್ಟೇ? – ಬಳ್ಳಾರಿ

ಉತ್ತರ: ಬಹುತೇಕ ಅಲ್ಲ. ಬೆರಳಿನಿಂದ ಉಜ್ಜಿ. ಜಿಡ್ಡಾಗಿ ಅಳಿಸಿಹೋದರೆ ಕೊಬ್ಬು ಮೇಲೆ ಬಂದಿದೆ; ಒರಟಾಗಿ ಹಾಗೇ ಉಳಿದರೆ ಸಕ್ಕರೆ. ಕೋಕೋ ಬೆಣ್ಣೆ ಆರು ಬಗೆಯಾಗಿ ಹರಳುಗಟ್ಟುತ್ತದೆ; ಹೊಳಪು, ಟಪ್ಪೆಂದು ಮುರಿಯುವ ಗುಣ ಎರಡೂ ಬೇಕೆಂದರೆ ಐದನೆಯದೇ ಆಗಬೇಕು. ಅದಕ್ಕಾಗಿ ಮಿಲ್ಕ್ ಚಾಕಲೇಟನ್ನು 45 ಡಿಗ್ರಿಗೆ ಕರಗಿಸಿ, 27ರ ಹತ್ತಿರಕ್ಕೆ ಇಳಿಸಿ, ಮತ್ತೆ 29–30ಕ್ಕೆ ಏರಿಸುತ್ತಾರೆ. ಈ ಟೆಂಪರಿಂಗ್ ತಪ್ಪಿದರೆ ಕಾರ್ಖಾನೆಯ ದೋಷ. ಆದರೆ ಬಳ್ಳಾರಿ ಬಿಸಿಲಲ್ಲಿ ಲಾರಿಯಲ್ಲೇ ಕರಗಿ ರಾತ್ರಿ ಗಟ್ಟಿಯಾದರೂ ಇದೇ ಗತಿ. ಸಕ್ಕರೆ ಬಿಳಿಚಿದ್ದರೆ, ಫ್ರಿಜ್ಜಿನಿಂದ ತೆಗೆದಿಟ್ಟದ್ದು ಬೆವತು ಒಣಗಿದೆ ಎಂದರ್ಥ. ತಿಂದರೆ ತೊಂದರೆಯಿಲ್ಲ, ಗಿರಾಕಿ ಒಪ್ಪಬೇಕಲ್ಲ.

ಪ್ರಶ್ನೆ: ಬಿಎಸ್ಸಿ ಓದುತ್ತಿದ್ದೇನೆ. ಮಿಠಾಯಿ ಕಂಪನಿ ಸೇರಲು ಏನು ಓದಬೇಕು? – ಮೈಸೂರು

ಉತ್ತರ: ಕ್ವಾಲಿಟಿ ಲ್ಯಾಬಿಗೆ ಕೆಮಿಸ್ಟ್ರಿ, ಮೈಕ್ರೊಬಯಾಲಜಿ ಸಾಕು. ಹೊಸ ಉತ್ಪನ್ನ ರೂಪಿಸುವ ವಿಭಾಗಕ್ಕೆ ಫುಡ್ ಟೆಕ್ನಾಲಜಿ ಬೇಕು. ಅದರ ಎಂಎಸ್ಸಿ ನಿಮ್ಮೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲೇ ಇದೆ.

ಪ್ರಶ್ನೆ: ಕಾಂಟ್ರ್ಯಾಕ್ಟರ್ ಮೂಲಕ ಪ್ಯಾಕಿಂಗಿಗೆ ಸೇರಿದ್ದೇನೆ. ಸಂಬಳದಲ್ಲಿ ಏನು ನೋಡಿಕೊಳ್ಳಬೇಕು? – ದಾವಣಗೆರೆ

ಉತ್ತರ: ದೀಪಾವಳಿಗೆ ಮುಂಚಿನ ತಿಂಗಳುಗಳಲ್ಲಿ ಜನ ಹೆಚ್ಚು ಬೇಕು, ಆಮೇಲೆ ಇಳಿಸುತ್ತಾರೆ, ಅದು ಗೊತ್ತಿರಲಿ. ನಿಮ್ಮಿಂದ ಇಎಸ್ಐಗೆ ಶೇ. 0.75, ಪಿಎಫ್‌ಗೆ ಶೇ. 12 ಮುರಿದರೆ ಅದು ಖಾತೆಗೆ ಜಮಾ ಆಗಿರಬೇಕು. ನಿಮ್ಮ ಪಿಎಫ್‌ನ ಗುರುತಿನ ಸಂಖ್ಯೆಯಾದ ಯುಎಎನ್ ಕೇಳಿ ಪಡೆದು, ಪಿಎಫ್ ಪಾಸ್‌ಬುಕ್ಕನ್ನು ಪ್ರತಿ ತಿಂಗಳು ಮೊಬೈಲಿನಲ್ಲೇ ನೋಡಿ. ಓಟಿಗೆ (ಓವರ್‌ಟೈಮ್) ಎರಡು ಪಟ್ಟು ಕೂಲಿ. ಎಷ್ಟು ಗಂಟೆ ಹೆಚ್ಚು ದುಡಿದಿರಿ ಎಂದು ದಿನವೂ ನಿಮ್ಮ ಪುಸ್ತಕದಲ್ಲಿ ಬರೆದಿಡಿ. ಗೇಟಿನ ಪಂಚಿಂಗ್ ಲೆಕ್ಕಕ್ಕೂ ಕಾಂಟ್ರ್ಯಾಕ್ಟರನ ಲೆಕ್ಕಕ್ಕೂ ತಾಳೆಯಾಗದಿದ್ದಾಗ ಆ ಪುಸ್ತಕ ಹಿಡಿದು ಕಂಪನಿಯ ಎಚ್‌ಆರ್ ಬಳಿಗೇ ಹೋಗಿ.